ಬೇಡದ ರಾಶಿಯಲ್ಲಿ ಬೇಕಾದ ಓಲೆ

ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಳೆದ ತೆಂಗಿನಕಾಯಿಗಳನ್ನು ಕೆಳಗಿಳಿಸಿ, ಸುಲಿದು, ಉಂಡೆ ಕೊಬ್ಬರಿ ತೆಗೆಯುವ ದಿನವೆಂದರೆ ನಮ್ಮ ಸೀಮೆಯ ಮನೆಗಳಲ್ಲಿ ಒಂದು ಬಗೆಯ ಸಂಭ್ರಮ. ಅಂಗಳದ ತುಂಬ ಕಾಯಿ, ಮೂಲೆಯಲ್ಲಿ ಸಿಪ್ಪೆಯ ಗುಡ್ಡೆ, ನಡುವೆ ಚಿಪ್ಪು ಒಡೆಯುವ ಸದ್ದು. ಕೈ ಪಳಗಿದ ಹಿರಿಯರೊಬ್ಬರು ಒಂದೊಂದೇ ಕಾಯಿಯನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಗಟಗಟನೆ ಸದ್ದು ಬಂದರೆ ಒಳಗಿನ ಗಿಟುಕು ಒಣಗಿ ಚಿಪ್ಪನ್ನು ಬಿಟ್ಟಿದೆ ಎಂದರ್ಥ. ನೀರು ತುಳುಕಿದರೆ ಅದಕ್ಕೆ ಇನ್ನಷ್ಟು ಕಾಲ ಬೇಕು. ಸದ್ದೂ ಸಪ್ಪೆ, ತೂಕವೂ ಕಡಮೆ ಎನ್ನಿಸಿದರೆ ಅದು ಬೇಡದ ರಾಶಿಗೆ. ಒಡೆದು ನೋಡದೆ ಮಾಡುವ ಈ ತೀರ್ಮಾನ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೂ ನನ್ನ ತಾಯಿ ಸಂಜೆ ದೀಪ ಹಚ್ಚುವ ಮುನ್ನ ಆ ಬೇಡದ ರಾಶಿಯ ಪಕ್ಕದಲ್ಲಿ ಕುಳಿತು ಮತ್ತೊಮ್ಮೆ ಕಾಯಿಗಳನ್ನು ಅಲ್ಲಾಡಿಸಿ ನೋಡುತ್ತಿದ್ದರು. ಎರಡೋ ಮೂರೋ ಒಳ್ಳೆಯ ಗಿಟುಕು ಪ್ರತಿಸಲವೂ ಅವರ ಕೈಗೆ ಸಿಗುತ್ತಿದ್ದವು. ಹುಡುಗನಾಗಿದ್ದ ನನಗೆ ಅದು ಅತಿಯಾದ ಜಿಪುಣತನವೆಂದು ತೋರುತ್ತಿತ್ತು.

ಐವತ್ತು ವರ್ಷಗಳ ಮೇಲೆ, ಕೊಬ್ಬರಿಗೆ ಯಾವ ಸಂಬಂಧವೂ ಇಲ್ಲದ ಒಂದು ಪ್ರಸಂಗದಲ್ಲಿ, ತಾಯಿಯ ಆ ಅಭ್ಯಾಸ ನನ್ನ ನೆನಪಿಗೆ ಬಂದಿತು.

ನಮ್ಮೂರು ಅರಳಗುಪ್ಪೆ, ತಿಪಟೂರು ತಾಲ್ಲೂಕಿನದು. ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವೂ ಅದಕ್ಕಿಂತ ಹಳೆಯದಾದ, ನೊಳಂಬರ ಕಾಲದ ಕಲ್ಲೇಶ್ವರ ದೇವಾಲಯವೂ ಇಲ್ಲಿವೆ. ಉಳಿದಂತೆ ಎತ್ತ ನೋಡಿದರೂ ತೆಂಗು. ನಾನು ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೆ, ತೆಂಗಿನ ಬೇಸಾಯಕ್ಕೆ ಸಂಬಂಧಿಸಿದ ಒಂದು ಸುದ್ದಿಪತ್ರವನ್ನು ಇ-ಮೇಲ್ ಮೂಲಕ ತರಿಸಿಕೊಳ್ಳತೊಡಗಿದೆ. ಇ-ಮೇಲನ್ನು ಕನ್ನಡದಲ್ಲಿ ಮಿಂಚಂಚೆ ಎಂದು ಕರೆಯುವವರಿದ್ದಾರೆ. ಸೊಗಸಾದ ಮಾತು, ನಾನೂ ಅದನ್ನೇ ಬಳಸುತ್ತೇನೆ. ಆ ಸುದ್ದಿಪತ್ರ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಕ್ವಿಂಟಲಿಗೆ 12,000 ರೂಪಾಯಿ, 2025ಕ್ಕೆ 12,100 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿದಂಥ ಸಮಾಚಾರ, ಯಾವ ತಿಂಗಳಲ್ಲಿ ಯಾವ ಗೊಬ್ಬರ, ಯಾವ ರೋಗಕ್ಕೆ ಯಾವ ಪರಿಹಾರ ಮುಂತಾದ ವಿಷಯಗಳು ಅದರಲ್ಲಿರುತ್ತಿದ್ದವು. ನಾನು ಓದಿದ್ದನ್ನು ಪಕ್ಕದ ತೋಟದವರಿಗೆ ಜಗಲಿಯ ಮೇಲೆ ಕುಳಿತು ಹೇಳುವುದು ವಾಡಿಕೆ. ಅವರು ಮಿಂಚಂಚೆಯ ಗೊಡವೆಗೆ ಹೋದವರಲ್ಲ. ‘ಈ ಪಕ್ಷ ಏನು ಬರೆದವ್ರೆ ಮೇಷ್ಟ್ರೇ?’ ಎಂದು ಬಂದು ಕೇಳುತ್ತಿದ್ದರು.

ಒಂದು ವರ್ಷ ಬೇಸಿಗೆಯ ಹೊತ್ತಿಗೆ ಸುದ್ದಿಪತ್ರ ಬರುವುದು ನಿಂತಿತು. ಹಣವಿಲ್ಲದೆ ನಿಲ್ಲಿಸಿರಬೇಕು ಎಂದುಕೊಂಡು ನಾನು ಸುಮ್ಮನಾದೆ. ಅದೇ ಸಮಯಕ್ಕೆ ಪಕ್ಕದ ತೋಟದ ಮರಗಳ ಗರಿಗಳು ಬೆಂಕಿ ತಗುಲಿದಂತೆ ಕಂದುಗಟ್ಟಿದವು. ಗರಿಯನ್ನು ಮಗುಚಿ ನೋಡಿದರೆ ಕೆಳಮೈಯಲ್ಲಿ ನೂಲಿನಂಥ ಬಲೆ, ಅದರೊಳಗೆ ಹಸಿರನ್ನು ಕೆರೆದು ತಿನ್ನುವ ಸಣ್ಣ ಹುಳು. ಕಪ್ಪುತಲೆ ಹುಳುವೆಂದು ಅದರ ಹೆಸರು. ಇದಕ್ಕೆ ಒಳ್ಳೆಯ ಮದ್ದೆಂದರೆ ಗೋನಿಯೋಜಸ್ ಎಂಬ ಇನ್ನೊಂದು ಕೀಟ. ಕಣಜದ ಕುಲಕ್ಕೆ ಸೇರಿದ ಈ ಪುಟ್ಟ ಜೀವಿ ಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ ಅದರ ಮೈಮೇಲೆಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಗಳಿಗೆ ಆ ಹುಳುವೇ ಆಹಾರ. ಆದರೆ ಒಂದು ಕಟ್ಟುಪಾಡುಂಟು. ಹುಳು ಹುಳುವಾಗಿರುವಾಗಲೇ ಕಣಜವನ್ನು ಬಿಡಬೇಕು. ಅದು ಕೋಶ ಕಟ್ಟಿ ಪತಂಗವಾಗಿ ಹಾರಿದ ಮೇಲೆ ಬಿಟ್ಟರೆ ಪ್ರಯೋಜನವಿಲ್ಲ.

ಒಂದು ಸಂಜೆ ಎದುರು ಮನೆಯ ಹುಡುಗಿ, ನಿಮ್ಮ ಹಾಗೆಯೇ ಒಂಬತ್ತನೆಯ ತರಗತಿಯವಳು, ಯಾವುದೋ ಕೆಲಸಕ್ಕಾಗಿ ನನ್ನ ಗಣಕಯಂತ್ರದ ಮುಂದೆ ಕುಳಿತಿದ್ದಳು. ಸುದ್ದಿಪತ್ರ ನಿಂತುಹೋದ ಮಾತನ್ನು ನಾನು ಹೇಳಿದೆ. ‘ತಾತ, ಸ್ಪ್ಯಾಮ್ ನೋಡಿದಿರಾ?’ ಎಂದಳು. ಅಂಥದೊಂದು ಫೋಲ್ಡರ್ ಇದೆಯೆಂಬುದು ನನಗೆ ಗೊತ್ತಿತ್ತು, ಅದರೊಳಗೆ ಇಣುಕುವ ಅಗತ್ಯವಿದೆಯೆಂಬುದು ಗೊತ್ತಿರಲಿಲ್ಲ. ಅವಳು ತೆರೆದಳು. ಕಂಡು ಕೇಳರಿಯದ ಲಾಟರಿಗಳು, ಸಾಲ ಕೊಡುವ ಅಪರಿಚಿತ ದಾನಿಗಳು, ತೂಕ ಇಳಿಸುವ ಗುಳಿಗೆಗಳು. ಇವುಗಳ ನಡುವೆ ನಮ್ಮ ಸುದ್ದಿಪತ್ರದ ಎರಡು ಸಂಚಿಕೆಗಳು ಬಿದ್ದಿದ್ದವು. ಅದಕ್ಕೂ ಹಿಂದಿನವು ಇರಲಿಲ್ಲ. ಏಕೆಂದರೆ ಆ ಫೋಲ್ಡರಿನಲ್ಲಿ ಮೂವತ್ತು ದಿನ ಕಳೆದ ಪತ್ರ ತಾನಾಗಿ ಅಳಿಸಿಹೋಗುತ್ತದೆ. ಉಳಿದ ಎರಡರಲ್ಲಿ ಒಂದು ಹತ್ತೊಂಬತ್ತು ದಿನ ಹಿಂದಿನದು. ಕಪ್ಪುತಲೆ ಹುಳು ಕಂಡ ತೋಟದವರು ಹೆಸರು ಬರೆಸಿದರೆ ಗೋನಿಯೋಜಸ್ ಕೀಟಗಳನ್ನು ಕೊಡುವುದಾಗಿ ಅದರಲ್ಲಿ ತಿಳಿಸಿದ್ದರು. ಹೆಸರು ಬರೆಸುವ ಕಡೆಯ ದಿನ ಕಳೆದು ಒಂಬತ್ತು ದಿನವಾಗಿತ್ತು.

ಮರಗಳು ಸಾಯಲಿಲ್ಲ, ತೆಂಗು ಗಟ್ಟಿ ಜೀವ. ಆದರೆ ಗರಿಯ ಹಸಿರು ಹೋದ ಮರ ಕಾಯಿ ಕಟ್ಟುವುದೆಲ್ಲಿಂದ? ಮುಂದಿನ ಎರಡು ವರ್ಷ ಪಕ್ಕದ ತೋಟದ ಫಸಲು ಇಳಿಯಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದುದರಿಂದಲೇ ಈ ವಿಷಯವನ್ನು ಬುಡದಿಂದ ತಿಳಿದುಕೊಳ್ಳಬೇಕೆಂಬ ಹಟ ನನಗೆ ಹುಟ್ಟಿತು. ತಿಳಿದುಕೊಂಡುದನ್ನು ನಿಮಗೂ ಹೇಳುತ್ತೇನೆ.

ಮೊದಲು, ಬೇಡದ ಪತ್ರಗಳು ಇಷ್ಟೊಂದು ಏಕೆ ಬರುತ್ತವೆ? ಇದಕ್ಕೆ ಉತ್ತರ ಅಂಚೆಯ ಚರಿತ್ರೆಯಲ್ಲಿದೆ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದರು. ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಗುವವರೆಗೂ ನಡೆಯಿತು. ಓಲೆ ಹೊತ್ತು ಓಡುವವನ ಕಾಲುಗಳಿಗೆ ಕೂಲಿ ಕೊಡಬೇಕಾಗಿದ್ದ ಕಾಲದಲ್ಲಿ ಯಾರೂ ನಿಷ್ಪ್ರಯೋಜಕವಾದ ಪತ್ರವನ್ನು ಸಾವಿರ ಜನಕ್ಕೆ ಬರೆಯುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ 1840ರವರೆಗೆ ಪತ್ರದ ವೆಚ್ಚವನ್ನು ಸಾಮಾನ್ಯವಾಗಿ ಪಡೆದವನೇ ತೆರುತ್ತಿದ್ದನು. ಆ ವರ್ಷ ಅಂಚೆಚೀಟಿ ಬಂದು, ಬರೆದವನೇ ಮುಂಗಡವಾಗಿ ಹಣ ಕೊಡುವ ಪದ್ಧತಿ ನೆಲೆಗೊಂಡಿತು. ನಮ್ಮ ದೇಶದಲ್ಲಿ ಈ ಪದ್ಧತಿ 1854ರಲ್ಲಿ ವ್ಯಾಪಕವಾಯಿತು. ಅಂದಿನಿಂದ ಅಂಚೆಚೀಟಿಯೇ ಒಂದು ಜರಡಿಯಾಗಿ ಕೆಲಸ ಮಾಡಿತು. ಒಂದು ಕಾರ್ಡಿನ ಬೆಲೆಯಷ್ಟಾದರೂ ಕಳೆದುಕೊಳ್ಳಲು ಮನಸ್ಸಿಲ್ಲದವನು ಪತ್ರ ಬರೆಯುತ್ತಿರಲಿಲ್ಲ.

ಮಿಂಚಂಚೆ ಈ ಜರಡಿಯನ್ನು ಕಿತ್ತೊಗೆಯಿತು. ಒಬ್ಬನಿಗೆ ಕಳುಹಿಸುವ ವೆಚ್ಚಕ್ಕೂ ಹತ್ತು ಲಕ್ಷ ಜನಕ್ಕೆ ಕಳುಹಿಸುವ ವೆಚ್ಚಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಹತ್ತು ಲಕ್ಷದಲ್ಲಿ ಹತ್ತು ಜನ ಮೋಸಹೋದರೂ ಕಳುಹಿಸಿದವನಿಗೆ ಲಾಭವೇ. ಅಮೆರಿಕದ ಗಣಕ ವಿಜ್ಞಾನಿ ಜಾನ್ ಪೋಸ್ಟೆಲ್ ಎಂಬುವರು 1975ರಲ್ಲಿಯೇ, ಬೇಡದ ಪತ್ರವನ್ನು ನಿರಾಕರಿಸುವ ಉಪಾಯ ಪಡೆಯುವವನ ಗಣಕದಲ್ಲಿಲ್ಲವೆಂದು ಒಂದು ಟಿಪ್ಪಣಿಯಲ್ಲಿ ಎಚ್ಚರಿಸಿದ್ದರು. 1978ರ ಮೇ 3ರಂದು ಅವರು ಹೇಳಿದಂತೆಯೇ ಆಯಿತು. ಗಣಕಯಂತ್ರಗಳನ್ನು ಮಾರುವ ಕಂಪನಿಯೊಂದರ ನೌಕರ ಗ್ಯಾರಿ ಥರ್ಕ್, ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಸಲಕ್ಕೆ ಜಾಹೀರಾತನ್ನು ಕಳುಹಿಸಿದನು. ಪಡೆದವರಲ್ಲಿ ಹಲವರು ಕೋಪಗೊಂಡರು. ಕೆಲವರು ಯಂತ್ರವನ್ನೂ ಕೊಂಡರು. ಈ ಎರಡನೆಯ ಸಂಗತಿಯೇ ಮುಂದಿನ ಅನರ್ಥಕ್ಕೆಲ್ಲ ಬೀಜ.

ಸ್ಪ್ಯಾಮ್ ಎಂಬ ಹೆಸರಿನ ಕಥೆ ವಿನೋದವಾದುದು. ಅದು 1937ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿರುವ ಡಬ್ಬಿಯ ಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ದೂರದರ್ಶನದ ಹಾಸ್ಯನಾಟಕವೊಂದರಲ್ಲಿ, ಹೋಟೆಲಿನ ಪ್ರತಿ ತಿಂಡಿಯಲ್ಲಿಯೂ ಈ ಮಾಂಸವೇ ಇದ್ದು, ಆ ಒಂದೇ ಮಾತನ್ನು ಕೂಗಿ ಕೂಗಿ ಉಳಿದವರ ಸಂಭಾಷಣೆಯೇ ಕೇಳಿಸದಂತೆ ಮಾಡುವ ದೃಶ್ಯವಿತ್ತು. ಬೇಕಾದ ಮಾತನ್ನು ಮುಳುಗಿಸುವ ಬೇಡದ ಗದ್ದಲ ಎಂಬ ಅರ್ಥದಲ್ಲಿ ಆ ಹೆಸರು ಕಸದಂಚೆಗೆ ಅಂಟಿಕೊಂಡಿತು.

ಈ ಗದ್ದಲವನ್ನು ತಡೆಯಲು ಮಿಂಚಂಚೆಯ ಕಂಪನಿಗಳು ಬಾಗಿಲಲ್ಲಿ ಕಾವಲಿಟ್ಟವು. ನಮ್ಮ ಕಲ್ಲೇಶ್ವರ ದೇವಾಲಯದ ಒಳಚಾವಣಿಯಲ್ಲಿ ನರ್ತಿಸುವ ಶಿವನನ್ನು ನಡುವೆ ಕೆತ್ತಿ, ಸುತ್ತಲೂ ಅಷ್ಟದಿಕ್ಪಾಲಕರನ್ನು ನಿಲ್ಲಿಸಿದ್ದಾರೆ. ಒಂದೊಂದು ದಿಕ್ಕಿಗೆ ಒಬ್ಬೊಬ್ಬ ಪಾಲಕ. ಮಿಂಚಂಚೆಯ ಕಾವಲೂ ಹಾಗೆಯೇ, ಒಬ್ಬನದಲ್ಲ, ಹಲವರದು.

ಮೊದಲನೆಯ ಕಾವಲುಗಾರ ಪತ್ರ ಎಲ್ಲಿಂದ ಬಂತೆಂದು ಕೇಳುವವನು. ಮಿಂಚಂಚೆ ಸಾಗುವ ನಿಯಮಗಳು 1982ರಲ್ಲಿ ರೂಪುಗೊಂಡಾಗ, ಕಳುಹಿಸಿದವನ ಹೆಸರನ್ನು ಪರೀಕ್ಷಿಸುವ ಏರ್ಪಾಡು ಅವುಗಳಲ್ಲಿ ಇರಲಿಲ್ಲ. ಲಕೋಟೆಯ ಹಿಂಬದಿಯಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದಲ್ಲವೆ? ಹಾಗೆ. ಈ ಕೊರತೆಯನ್ನು ತುಂಬಲು ಮುಂದೆ ಮೂರು ಉಪಾಯಗಳು ಬಂದವು. ಊರಿನ ಸಹಕಾರ ಸಂಘದವರು, ‘ನಮ್ಮ ಪತ್ರವನ್ನು ಇಂಥಿಂಥ ಮೂವರು ಮಾತ್ರ ತರುತ್ತಾರೆ, ಬೇರೆ ಯಾರು ತಂದರೂ ನಂಬಬೇಡಿ’ ಎಂದು ಗೋಡೆಗೆ ಪಟ್ಟಿ ಅಂಟಿಸಿದರೆ ಹೇಗೋ ಅದು ಎಸ್‌ಪಿಎಫ್. ಲಕೋಟೆಯ ಬಾಯಿಗೆ ಅರಗು ಹಾಕಿ, ಬೇರೆಯವರಿಗೆ ನಕಲು ಮಾಡಲಾಗದ ಮುದ್ರೆ ಒತ್ತಿದ ಹಾಗೆ ಡಿಕಿಮ್. ಅದು ಗಣಿತದ ಮುದ್ರೆ. ದಾರಿಯಲ್ಲಿ ಯಾರಾದರೂ ಒಳಗಿನ ಮಾತನ್ನು ತಿದ್ದಿದರೆ ಮುದ್ರೆ ಹೊಂದುವುದಿಲ್ಲ. ಪಟ್ಟಿಯೂ ಮುದ್ರೆಯೂ ತಾಳೆಯಾಗದ ಪತ್ರವನ್ನು ಏನು ಮಾಡಬೇಕು, ಹಿಂದಿರುಗಿಸಬೇಕೋ ಬೇಡದ ರಾಶಿಗೆ ಹಾಕಬೇಕೋ ಎಂದು ಕಳುಹಿಸುವ ಸಂಸ್ಥೆಯೇ ಮೊದಲೇ ತಿಳಿಸಿಡುವುದು ಡಿಮಾರ್ಕ್. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ಈ ಮೂರನ್ನೂ ಇಟ್ಟುಕೊಂಡಿರಲೇಬೇಕೆಂದು ಜಿಮೇಲ್ 2024ರ ಫೆಬ್ರುವರಿಯಿಂದ ಕಟ್ಟಳೆ ಮಾಡಿತು.

ಎರಡನೆಯವನು ಪತ್ರದ ಮಾತುಗಳನ್ನು ತೂಗುವವನು. ಈತನ ಗುರು ಹದಿನೆಂಟನೆಯ ಶತಮಾನದ ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಒಂದು ಗುರುತು ಕಂಡಾಗ ಅದರ ಹಿಂದಿನ ಕಾರಣ ಯಾವುದಿರಬಹುದೆಂದು ಲೆಕ್ಕ ಹಾಕುವ ಕ್ರಮವನ್ನು ಆತ ಬರೆದಿಟ್ಟಿದ್ದು, ಆತನ ಮರಣಾನಂತರ 1763ರಲ್ಲಿ ಅದು ಪ್ರಕಟವಾಯಿತು. ಒಂದು ಉದಾಹರಣೆ ನೋಡಿ. ನೂರು ಕಸದಂಚೆಗಳಲ್ಲಿ ‘ಬಹುಮಾನ’ ಎಂಬ ಪದ ನಲವತ್ತರಲ್ಲಿಯೂ, ನೂರು ಒಳ್ಳೆಯ ಪತ್ರಗಳಲ್ಲಿ ಎರಡರಲ್ಲಿಯೂ ಕಂಡಿತೆಂದು ಇಟ್ಟುಕೊಳ್ಳಿ. ಈಗ ‘ಬಹುಮಾನ’ ಎಂಬ ಪದವಿರುವ ಹೊಸ ಪತ್ರವೊಂದು ಬಂದರೆ, ಅಂಥ ನಲವತ್ತೆರಡು ಪತ್ರಗಳಲ್ಲಿ ನಲವತ್ತು ಕಸವಾಗಿದ್ದುದರಿಂದ, ಇದೂ ಕಸವಾಗಿರುವ ಸಂಭವ ನೂರಕ್ಕೆ ತೊಂಬತ್ತೈದು. ಆದರೆ ಅದೇ ಪತ್ರದಲ್ಲಿ ‘ಗರಿ’, ‘ಕೊಬ್ಬರಿ’, ‘ಗೋನಿಯೋಜಸ್’ ಎಂಬ ಪದಗಳೂ ಇದ್ದು, ನಿಮಗೆ ಬರುವ ಒಳ್ಳೆಯ ಪತ್ರಗಳಲ್ಲಿ ಅವು ಮೇಲಿಂದ ಮೇಲೆ ಕಂಡಿದ್ದರೆ ತಕ್ಕಡಿ ಇತ್ತ ವಾಲುತ್ತದೆ. ಈ ಲೆಕ್ಕವನ್ನು ಮಿಂಚಂಚೆಗೆ ಹೊಂದಿಸುವ ಕ್ರಮವನ್ನು 2002ರಲ್ಲಿ ಪಾಲ್ ಗ್ರಹಾಂ ಎಂಬುವರು ಒಂದು ಲೇಖನದ ಮೂಲಕ ಜನಪ್ರಿಯಗೊಳಿಸಿದರು. ಇಂದಿನ ಯಂತ್ರಗಳ ಲೆಕ್ಕ ಇದಕ್ಕಿಂತ ಬಹಳ ಜಟಿಲವಾದುದು. ಆದರೂ ಒಂದೇ ಗುರುತನ್ನು ನೆಚ್ಚದೆ ಹಲವು ಗುರುತುಗಳ ಮೊತ್ತದಿಂದ ತೀರ್ಪು ಕೊಡುವ ತತ್ತ್ವ ಹಾಗೆಯೇ ಉಳಿದಿದೆ. ಕಾಯಿಯನ್ನು ಅಲ್ಲಾಡಿಸುವ ಹಿರಿಯರೂ ಸದ್ದನ್ನಷ್ಟೇ ಕೇಳುವುದಿಲ್ಲ, ಅಂಗೈಯಲ್ಲಿ ತೂಕವನ್ನೂ ನೋಡುತ್ತಾರೆ.

ಮೂರನೆಯ ಕಾವಲುಗಾರ ಎಲ್ಲರಿಗಿಂತ ಮುಖ್ಯನಾದವನು. ಅವನು ಓದುಗರನ್ನು ಗಮನಿಸುವವನು. ಈ ಸಂಸ್ಥೆಯ ಪತ್ರ ಬಂದಾಗ ಜನ ತೆರೆಯುತ್ತಾರೆಯೆ? ತೆರೆಯದೆ ಅಳಿಸುತ್ತಾರೆಯೆ? ‘ಇದು ಸ್ಪ್ಯಾಮ್’ ಎಂದು ದೂರು ಒತ್ತುತ್ತಾರೆಯೆ? ದೂರಿಗೆ ಇರುವ ಬೆಲೆ ಎಷ್ಟೆಂದು ತಿಳಿದರೆ ನಿಮಗೆ ಆಶ್ಚರ್ಯವಾದೀತು. ಮೇಲೆ ಹೇಳಿದ 2024ರ ಕಟ್ಟಳೆಯ ಪ್ರಕಾರ, ಒಂದು ಸಂಸ್ಥೆಯ ಪತ್ರಗಳ ಮೇಲೆ ಬರುವ ದೂರು ಶೇಕಡ 0.3ನ್ನು ಮುಟ್ಟಬಾರದು. ಎಂದರೆ, ಸಾವಿರಕ್ಕೆ ಮೂರು. ಸಾವಿರ ಜನ ಓದುಗರಿರುವ ಒಂದು ಬಡ ಸುದ್ದಿಪತ್ರವನ್ನು ಮೂವರ ಬೆರಳು ಕೆಡಿಸಬಲ್ಲುದು.

ಇಷ್ಟು ಕಾವಲಿದ್ದೂ ಬೇಕಾದ ಪತ್ರ ಏಕೆ ತಪ್ಪುದಾರಿ ಹಿಡಿಯುತ್ತದೆ? ವೈಕುಂಠದ ಬಾಗಿಲಲ್ಲಿ ಜಯವಿಜಯರು ಸನಕಾದಿ ಮುನಿಗಳನ್ನು ತಡೆದ ಕಥೆ ನಿಮಗೆ ಗೊತ್ತಿದೆ. ಆ ದ್ವಾರಪಾಲಕರು ಕೆಟ್ಟವರಲ್ಲ, ತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಿದ್ದರು. ಬಂದವರು ಬಾಲಕರ ರೂಪದಲ್ಲಿದ್ದರು, ಮೈಮೇಲೆ ಬಟ್ಟೆಯಿರಲಿಲ್ಲ. ಹೊರರೂಪವನ್ನು ನೋಡಿ ತಡೆದರು. ಒಳಗಿರುವ ಒಡೆಯನಿಗೆ ಇವರು ಎಷ್ಟು ಬೇಕಾದವರೆಂಬುದು ಅವರಿಗೆ ಹೊಳೆಯಲಿಲ್ಲ. ಸುದ್ದಿಪತ್ರದ ಪಾಡೂ ಅದೇ. ಒಂದೇ ಒಕ್ಕಣೆ, ಒಂದೇ ಗಳಿಗೆಯಲ್ಲಿ ಸಾವಿರಾರು ಜನಕ್ಕೆ ಹೋಗುತ್ತದೆ. ಅದರಲ್ಲಿ ಚಿತ್ರಗಳಿರುತ್ತವೆ, ‘ಇಲ್ಲಿ ಒತ್ತಿರಿ’ ಎಂಬ ಕೊಂಡಿಗಳಿರುತ್ತವೆ, ‘ಉಚಿತ’, ‘ಕಡೆಯ ದಿನಾಂಕ’, ‘ಸಹಾಯಧನ’ ಎಂಬ ಮಾತುಗಳಿರುತ್ತವೆ. ಕಸದಂಚೆಯ ವೇಷವೂ ಇದೇ ಅಲ್ಲವೆ? ಮಗನು ತಂದೆಗೆ ಬರೆದ ಪತ್ರ ಇಂಥ ಅನುಮಾನಕ್ಕೆ ಸಾಮಾನ್ಯವಾಗಿ ಗುರಿಯಾಗದು. ಗುರಿಯಾಗುವುದು ಸಂಘಸಂಸ್ಥೆಗಳ ಪತ್ರವೇ. ಇವೆರಡರ ನಡುವಣ ನಿಜವಾದ ವ್ಯತ್ಯಾಸ ಪತ್ರದೊಳಗೆ ಇಲ್ಲ. ನಾನು ಇದನ್ನು ಕೇಳಿ ತರಿಸಿಕೊಂಡೆನೆ, ಇಲ್ಲವೆ ಎಂಬ ಒಂದೇ ಸಂಗತಿಯಲ್ಲಿದೆ. ಅದು ಗೊತ್ತಿರುವುದು ನನಗೆ. ನಾನು ಹೇಳದ ಹೊರತು ಯಂತ್ರಕ್ಕೆ ತಿಳಿಯುವ ದಾರಿಯಿಲ್ಲ.

ಇಲ್ಲಿ ಕಳುಹಿಸುವವರದೂ ಒಂದು ತಪ್ಪುಂಟು. ಅದನ್ನು ಮುಚ್ಚಿಡಬಾರದು. ನಮ್ಮಲ್ಲಿ ಎಷ್ಟೋ ಸಂಘಗಳವರು ಸುದ್ದಿಯನ್ನೆಲ್ಲ ಅಚ್ಚುಮಾಡಿಸಿ, ಅದರ ಛಾಯಾಚಿತ್ರವೊಂದನ್ನೇ ಪತ್ರಕ್ಕೆ ಅಂಟಿಸಿ ಕಳುಹಿಸಿಬಿಡುತ್ತಾರೆ. ವಿಷಯದ ಸಾಲು ಖಾಲಿ, ಒಳಗೆ ಒಂದಕ್ಷರ ಬರಹವಿಲ್ಲ, ಬರಿಯ ಚಿತ್ರ. ಹಿಂದೆ ವಂಚಕರು ಮಾತುಗಳನ್ನು ತೂಗುವ ಕಾವಲುಗಾರನ ಕಣ್ಣು ತಪ್ಪಿಸಲು ಇದೇ ಉಪಾಯವನ್ನು ಹಿಡಿದಿದ್ದರು, ಮಾತುಗಳನ್ನು ಚಿತ್ರದೊಳಗೆ ಬಚ್ಚಿಟ್ಟು ಕಳುಹಿಸುತ್ತಿದ್ದರು. ಆದುದರಿಂದ ಬರಹವಿಲ್ಲದ ಪತ್ರವೆಂದರೆ ಕಾವಲುಗಾರನಿಗೆ ಅನುಮಾನ. ನಾಲ್ಕು ಸಾಲು ಕನ್ನಡದಲ್ಲಿ ಬರೆದು ಚಿತ್ರವನ್ನು ಜೊತೆಗಿಟ್ಟರೆ ಕೆಲಸ ಹಗುರವಾಗುತ್ತದೆ. ಕನ್ನಡ ಬೆರಳಚ್ಚು ಮಾಡಲು ಬೇಸರಪಡುವ ಕಾರ್ಯದರ್ಶಿಗಳಿಗೆ ಈ ಮಾತನ್ನು ಯಾರಾದರೂ ತಿಳಿಸಬೇಕು.

ಆದರೆ ನನ್ನ ಸುದ್ದಿಪತ್ರದ ವಿಷಯದಲ್ಲಿ ಕಳುಹಿಸಿದವರ ತಪ್ಪು ಎಳ್ಳಷ್ಟೂ ಇರಲಿಲ್ಲ. ಅವರ ಪತ್ರದಲ್ಲಿ ಬರಹವಿತ್ತು, ಮುದ್ರೆಯೂ ಸರಿಯಾಗಿತ್ತು. ಹಾಗಾದರೆ ತಡೆದವರು ಯಾರು? ಎದುರು ಮನೆಯ ಹುಡುಗಿ ನಗುತ್ತ ಕೇಳಿದಳು: ‘ತಾತ, ನೀವೇ ಯಾವಾಗಲಾದರೂ ಈ ಗುಂಡಿ ಒತ್ತಿದಿರಾ?’ ಪರದೆಯ ಮೇಲ್ಭಾಗದಲ್ಲಿ ಎರಡು ಸಣ್ಣ ಚಿತ್ರಗಳು ಅಕ್ಕಪಕ್ಕದಲ್ಲಿವೆ. ಒಂದು ಕಸದ ಬುಟ್ಟಿ. ಇನ್ನೊಂದು ಎಂಟು ಮೂಲೆಯ ಆಕೃತಿಯೊಳಗೆ ಆಶ್ಚರ್ಯಸೂಚಕ ಚಿಹ್ನೆ. ಮೊದಲನೆಯದು ಪತ್ರವನ್ನು ಅಳಿಸುತ್ತದೆ. ಎರಡನೆಯದು, ಇದು ಕಸದಂಚೆ, ಇನ್ನು ಮುಂದೆ ಇವರ ಪತ್ರವನ್ನು ಒಳಗೆ ಬಿಡಬೇಡ ಎಂಬ ದೂರು. ಆ ವರ್ಷದ ಸಂಕ್ರಾಂತಿಯ ಸುಮಾರಿಗೆ ನಾನು ಓದಿ ಮುಗಿಸಿದ ಹಳೆಯ ಸಂಚಿಕೆಗಳನ್ನು ತೆಗೆದುಹಾಕಿ ಇನ್‌ಬಾಕ್ಸನ್ನು ಹಸನುಗೊಳಿಸಿದ್ದೆ. ಎರಡನೆಯ ಚಿಹ್ನೆಯನ್ನು ಒತ್ತಿದರೆ ಪತ್ರಗಳು ಕಣ್ಮರೆಯಾಗುತ್ತವೆಂಬುದಷ್ಟೇ ನನ್ನ ತಿಳಿವಳಿಕೆ. ನಾಲ್ಕೈದು ಸಂಚಿಕೆಗಳನ್ನು ಹಾಗೆ ಕಣ್ಮರೆ ಮಾಡಿದ್ದೆ. ನನ್ನ ಕಾವಲುಗಾರ ನನ್ನ ಮಾತನ್ನೇ ನಡೆಸಿದ್ದನು. ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ‘ಪ್ರಶ್ನೆಯನ್ನು ಸರಿಯಾಗಿ ಓದಿ ಉತ್ತರ ಬರೆಯಿರಿ’ ಎಂದು ಹೇಳುತ್ತ ಬಂದವನು ನಾನು.

ತಿದ್ದುಪಡಿ ಕಷ್ಟವಾಗಲಿಲ್ಲ. ಸ್ಪ್ಯಾಮ್ ಫೋಲ್ಡರಿನಲ್ಲಿರುವ ಪತ್ರವನ್ನು ತೆರೆದರೆ ‘ಸ್ಪ್ಯಾಮ್ ಅಲ್ಲ’ ಎಂದು ತಿಳಿಸುವ ಗುಂಡಿಯೊಂದಿರುತ್ತದೆ. ಅದನ್ನು ಒತ್ತಿದ ಕೂಡಲೆ ಪತ್ರ ಇನ್‌ಬಾಕ್ಸಿಗೆ ಮರಳುತ್ತದೆ. ಅಷ್ಟೇ ಅಲ್ಲ, ನಿನ್ನ ತೀರ್ಪು ತಪ್ಪೆಂದು ಯಂತ್ರಕ್ಕೆ ಪಾಠವೂ ಆಗುತ್ತದೆ. ಪತ್ರವನ್ನು ಓದಿ ಮುಚ್ಚಿದರೆ ಸಾಲದು, ಈ ಗುಂಡಿಯನ್ನು ಒತ್ತಲೇಬೇಕು. ಅನಂತರ ಕಳುಹಿಸಿದವರ ವಿಳಾಸವನ್ನು ನಮ್ಮ ಪರಿಚಿತರ ಪಟ್ಟಿಗೆ ಸೇರಿಸಿದೆವು. ಪರಿಚಿತರ ಪತ್ರವನ್ನು ಕಾವಲುಗಾರ ಸ್ವಲ್ಪ ಮೃದುವಾಗಿ ನೋಡುತ್ತಾನೆ. ಇದಕ್ಕಿಂತ ಬಲವಾದ ಉಪಾಯವೂ ಒಂದಿದೆ. ಜಿಮೇಲಿನ ಸೆಟ್ಟಿಂಗ್ಸ್ ಒಳಗೆ ಹೋಗಿ, ಈ ವಿಳಾಸದಿಂದ ಬಂದ ಪತ್ರವನ್ನು ಎಂದಿಗೂ ಸ್ಪ್ಯಾಮಿಗೆ ಕಳುಹಿಸಬೇಡ ಎಂದು ಒಂದು ಫಿಲ್ಟರ್ ಮಾಡಿಡಬಹುದು. ಔಟ್‌ಲುಕ್ ಬಳಸುವವರಿಗೆ ನಂಬಿಕೆಯ ವಿಳಾಸಗಳ ಪಟ್ಟಿಯೇ ಪ್ರತ್ಯೇಕವಾಗಿದೆ. ಹುಡುಗಿ ಇವೆಲ್ಲವನ್ನೂ ಕಾಫಿ ಆರುವುದರೊಳಗೆ ಮಾಡಿ ಮುಗಿಸಿದಳು.

ಕೆಲವು ಪತ್ರಗಳು ಸ್ಪ್ಯಾಮಿಗೂ ಹೋಗದೆ, ಎದುರಿಗೂ ಬಾರದೆ, ನಡುಮನೆಯಲ್ಲಿ ಉಳಿದುಬಿಡುವುದುಂಟು. ಜಿಮೇಲ್ 2013ರಿಂದ ಇನ್‌ಬಾಕ್ಸನ್ನೇ ವಿಭಾಗಗಳಾಗಿ ಒಡೆದು, ಜಾಹೀರಾತಿನಂತೆ ತೋರುವ ಪತ್ರಗಳಿಗೆ ‘ಪ್ರೊಮೋಶನ್ಸ್’ ಎಂಬ ಬೇರೆಯ ಕೋಣೆ ಮಾಡಿದೆ. ಸುದ್ದಿಪತ್ರ ಅಲ್ಲಿ ಸಿಕ್ಕಿದರೆ ಮುಖ್ಯ ವಿಭಾಗಕ್ಕೆ ಎಳೆದು ತಂದರಾಯಿತು.

ಹಾಗೆಯೇ, ಒಮ್ಮೆ ಬೇಕೆಂದು ತರಿಸಿಕೊಂಡ ಪತ್ರ ಮುಂದೆ ಬೇಡವಾದರೆ ದೂರಿನ ಗುಂಡಿಗೆ ಕೈಹಾಕಬಾರದು. ಪತ್ರದ ಮೇಲ್ಭಾಗದಲ್ಲಿಯೋ ಅಡಿಯಲ್ಲಿಯೋ ‘ಅನ್‌ಸಬ್‌ಸ್ಕ್ರೈಬ್’ ಎಂಬ ಮಾತಿರುತ್ತದೆ. ಒತ್ತಿದರೆ ಅವರು ಕಳುಹಿಸುವುದನ್ನು ನಿಲ್ಲಿಸುತ್ತಾರೆ. ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರು ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕೆಂಬುದೂ 2024ರ ಕಟ್ಟಳೆಯಲ್ಲಿದೆ. ಸಂಘಕ್ಕೆ ಚಂದಾ ನಿಲ್ಲಿಸುವುದು ಒಂದು, ಸಂಘದವರನ್ನು ಕಳ್ಳರೆಂದು ಠಾಣೆಯಲ್ಲಿ ಬರೆಸುವುದು ಇನ್ನೊಂದು. ನಾನು ಅರಿಯದೆ ಎರಡನೆಯದನ್ನು ಮಾಡಿದ್ದೆ. ನಾನು ಒತ್ತಿದ ದೂರುಗಳು ನನ್ನ ಮನೆಯ ಬಾಗಿಲನ್ನಷ್ಟೇ ಮುಚ್ಚಿದುವೋ, ಬೇರೆ ತೋಟದವರ ಬಾಗಿಲಿಗೂ ಅಡ್ಡವಾದುವೋ, ಆ ಯೋಚನೆ ಈಗಲೂ ಒಮ್ಮೊಮ್ಮೆ ನನ್ನನ್ನು ಕಾಡುತ್ತದೆ.

ಸ್ಪ್ಯಾಮ್ ಫೋಲ್ಡರನ್ನು ವಾರಕ್ಕೊಮ್ಮೆ ತೆರೆದು ನೋಡುವುದು ಈಗ ನನ್ನ ಅಭ್ಯಾಸ. ಭಾನುವಾರ ಬೆಳಿಗ್ಗೆ ಐದು ನಿಮಿಷ ಸಾಕು. ಮೂವತ್ತು ದಿನದ ಗಡುವಿರುವುದರಿಂದ ತಿಂಗಳಿಗೊಮ್ಮೆ ಎಂದುಕೊಂಡರೆ ಕೆಲವು ಕೈತಪ್ಪಿಹೋಗುತ್ತವೆ. ಆದರೆ ಅಲ್ಲಿ ನೋಡುವುದಕ್ಕೂ ಒಂದು ಕ್ರಮವಿದೆ. ಕಳುಹಿಸಿದವರ ಹೆಸರು, ವಿಷಯದ ಸಾಲು, ಇವಿಷ್ಟನ್ನೇ ಓದಿಕೊಂಡು ಹೋಗಬೇಕು. ಗುರುತಿಲ್ಲದ ಪತ್ರವನ್ನು ಕುತೂಹಲಕ್ಕಾಗಿ ತೆರೆಯಬಾರದು, ತೆರೆದರೂ ಅದರೊಳಗಿನ ಕೊಂಡಿಯನ್ನು ಒತ್ತಬಾರದು. ಅಂಥ ಪತ್ರದ ‘ಅನ್‌ಸಬ್‌ಸ್ಕ್ರೈಬ್’ ಕೂಡ ಬೇಡ. ಅಪರಿಚಿತ ವಂಚಕನಿಗೆ ‘ಈ ವಿಳಾಸದಲ್ಲಿ ಒಬ್ಬ ಮನುಷ್ಯ ಕುಳಿತಿದ್ದಾನೆ’ ಎಂದು ನಾವೇ ತಿಳಿಸಿದಂತಾಗುತ್ತದೆ.

ಹೆಸರನ್ನು ನಂಬಿ ವಿಳಾಸವನ್ನು ಮರೆಯುವುದು ಇನ್ನೊಂದು ಅಪಾಯ. ನಮ್ಮ ಪ್ರಸಂಗ ನಡೆದು ಕೆಲವು ತಿಂಗಳಾದ ಮೇಲೆ, ಅದೇ ಸುದ್ದಿಪತ್ರದ ಹೆಸರಿನಲ್ಲಿ ಸ್ಪ್ಯಾಮ್ ಫೋಲ್ಡರಿಗೆ ಒಂದು 'ಪತ್ರ' ಬಂದಿತ್ತು. ತೆಂಗು ಬೆಳೆಗಾರರಿಗೆ ಸಹಾಯಧನ ಮಂಜೂರಾಗಿದೆ, ಬ್ಯಾಂಕ್ ಖಾತೆಯ ವಿವರಗಳನ್ನು ಕೂಡಲೆ ಭರ್ತಿ ಮಾಡಿರಿ ಎಂಬ ಒಕ್ಕಣೆ. ಒಮ್ಮೆ ಎಡವಿದವನು ನಾನು, ಈ ಸಲ ತಡಮಾಡಬಾರದೆಂದು ‘ಸ್ಪ್ಯಾಮ್ ಅಲ್ಲ’ ಗುಂಡಿಯ ಕಡೆಗೆ ಬೆರಳು ನೀಡಿದ್ದೆ. ಆಗ ಹುಡುಗಿಯ ಪಾಠ ನೆನಪಾಗಿ ಹೆಸರಿನ ಪಕ್ಕದ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿದೆ. ಪರಿಚಿತರ ಪಟ್ಟಿಯಲ್ಲಿ ನಾವು ಬರೆದಿಟ್ಟ ವಿಳಾಸಕ್ಕೂ ಇದಕ್ಕೂ ಒಂದೇ ಅಕ್ಷರದ ಅಂತರ. ಯಾವುದೋ ಅನುಮಾನದಿಂದ ಕಾವಲುಗಾರ ಅದನ್ನು ಹೊರಗೇ ನಿಲ್ಲಿಸಿದ್ದಿರಬೇಕು. ಎಂಟು ಮೂಲೆಯ ಚಿಹ್ನೆಯನ್ನು ನಾನು ಅರ್ಥ ತಿಳಿದು ಒತ್ತಬಹುದಾಗಿದ್ದ ಸಂದರ್ಭ ಅದು, ಆದರೆ ಆ ಕೆಲಸವನ್ನು ಕಾವಲುಗಾರ ಆಗಲೇ ಮಾಡಿ ಮುಗಿಸಿದ್ದನು.

ನಿಜವಾದ ಸುದ್ದಿಪತ್ರ ಈಗ ಪಕ್ಷಕ್ಕೊಮ್ಮೆ ತಪ್ಪದೆ ಇನ್‌ಬಾಕ್ಸಿಗೇ ಬರುತ್ತಿದೆ. ಕಳೆದ ಮಳೆಗಾಲದ ಸಂಚಿಕೆಯೊಂದರಲ್ಲಿ ಸುಳಿ ಕೊಳೆಯುವ ರೋಗದ ವಿಚಾರವಿತ್ತು. ಶೇಕಡ ಒಂದರ ಬೋರ್ಡೋ ದ್ರಾವಣವನ್ನು ಸುಳಿಗೆ ಹೊಯ್ಯಬೇಕೆಂದೂ, ನೂರು ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ ಎಂದೂ ಬರೆದಿದ್ದರು. ಪಕ್ಕದ ತೋಟದವರು ಜಗಲಿಯ ಕಂಬಕ್ಕೆ ಒರಗಿ ಕೇಳುತ್ತಿದ್ದರು. ‘ನಮ್ಮ ಕ್ಯಾನು ಹತ್ತು ಲೀಟರಿಂದು, ಅದಕ್ಕೆಷ್ಟಾಯ್ತು ಮೇಷ್ಟ್ರೇ?’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಎದುರು ಮನೆಯ ಜಗಲಿಯಿಂದ ಹುಡುಗಿ ಕೂಗಿ ಹೇಳಿದಳು: ‘ತಲಾ ನೂರು ಗ್ರಾಂ!’